ಆಡುತ್ತಲೇ ಕೋಚ್ ಆಗಿದ್ದವನು: ಯೋಹಾನ್ ಕ್ರೈಫ್

(ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ಗೆಳೆಯರು ಬೆಂಗಳೂರಿನಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡ ಆಟಗಾರ ದೊಡ್ಡ ಕೋಚ್ ಆಗುವುದು ಅಪರೂಪ. ಮರಡೋನಾನನ್ನೇ ನೋಡಿ. 2010ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾಕ್ಕೆ ಕೋಚ್ ಆಗಿದ್ದ, ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ನಾಲ್ಕು ಗೋಲು ಹೊಡೆದು ಮನೆಗೆ ಕಳಿಸಿತು. ಇಂಗ್ಲೆಂಡಿನ ಬಾಬಿ ಚಾರ್ಲ್ಟನ್ ಪ್ರೆಸ್ಟನ್ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಹೋದ, ಮೊದಲ ಸೀಸನ್ನಿನಲ್ಲೇ ತಂಡ ಕೆಳಗಿನ ಡಿವಿಷನ್ನಿಗೆ ಜಾರಿತು. ಇನ್ನೊಂದು ಕಡೆ ಅರಿಗೊ ಸಾಕಿ ಅಂತ ಒಬ್ಬ. ಮಿಲಾನ್ ತಂಡಕ್ಕೆ ಎರಡು ವರ್ಷ ಸತತವಾಗಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆಲ್ಲಿಸಿದವನು. ವೃತ್ತಿಪರ ಆಟಗಾರನಾಗಿ ಅವನು ಒಂದು ಪಂದ್ಯವನ್ನೂ ಆಡಿದವನಲ್ಲ.

ಯಾಕೆ ಹೀಗೆ? ಕೈಕಾಲಿಗೆ ತಾನಾಗಿಯೇ ಬಂದದ್ದನ್ನು ಬಾಯಲ್ಲಿ ಹೇಳುವುದು ಕಷ್ಟ, ಅಷ್ಟೇ. ನಮ್ಮಜ್ಜಿಗೆ ಸಾರಿಗೆ ಎಷ್ಟು ಉಪ್ಪು ಹಾಕಬೇಕು ಅಂತ ಕೇಳಿದರೆ "ಹಾಕಬೇಕಾದಷ್ಟು ಹಾಕು" ಅನ್ನುತ್ತಿದ್ದರಲ್ಲ, ಹಾಗೆ.

ಅಪವಾದಗಳೂ ಇವೆ. ಬೆಕೆನ್‌ಬೌವರ್, ಝಗಾಲೊ, ದೆಶಾಂಪ್ ಮೂವರೂ ಆಟಗಾರರಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರು. ನಮ್ಮವರೇ ಆದ ಪಿ.ಕೆ. ಬ್ಯಾನರ್ಜಿ 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು, ಆಮೇಲೆ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡಕ್ಕೂ ಕೋಚ್ ಆಗಿ ಕೋಲ್ಕತ್ತವನ್ನೇ ಆಳಿದರು. ಆದರೆ ನಾನು ಇವತ್ತು ಮಾತಾಡಬೇಕೆಂದಿರುವುದು ವಿಶ್ವಕಪ್ಪನ್ನೇ ಗೆಲ್ಲದ ಒಬ್ಬನ ಬಗ್ಗೆ. ನೆದರ್ಲೆಂಡ್ಸ್‌ನ ಯೋಹಾನ್ ಕ್ರೈಫ್. ಏಕವಚನದಲ್ಲೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಟಗಾರರ ಬಗ್ಗೆ ನಾವು ಮಾತಾಡುವುದೇ ಹಾಗೆ ಅಲ್ವಾ.

ನನಗನಿಸುವುದು ಇಷ್ಟು. ಕ್ರೈಫ್ ಆಟ ಬಿಟ್ಟ ಮೇಲೆ ಕೋಚ್ ಆದವನಲ್ಲ. ಆಡುವ ಕಾಲದಲ್ಲೇ ಅವನು ಕೋಚ್. ಹಳೆಯ ವಿಡಿಯೊ ಹಾಕಿಕೊಂಡು ನೋಡಿ. ಚೆಂಡು ಅವನ ಕಾಲಲ್ಲಿ ಇಲ್ಲದಾಗ ಅವನ ಕೈ ನೋಡಿ. ಬೆರಳು ಯಾವಾಗಲೂ ಎಲ್ಲಿಗೋ ತೋರಿಸುತ್ತಿರುತ್ತದೆ. ನೀನು ಅಲ್ಲಿ ಹೋಗು, ನೀನು ಹಿಂದೆ ಬಾ, ಆ ಜಾಗ ಖಾಲಿ ಇದೆ. ಬಾಯಂತೂ ಮುಚ್ಚಿದ್ದೇ ಇಲ್ಲ.

ಹುಟ್ಟಿದ್ದು 1947ರ ಏಪ್ರಿಲ್ 25ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಬೆಟೊನ್‌ಡಾರ್ಪ್ ಅಂತ ಒಂದು ಬಡಾವಣೆ, ಕಾಂಕ್ರೀಟಿನಲ್ಲಿ ಕಟ್ಟಿದ ಸಣ್ಣ ಸಣ್ಣ ಮನೆಗಳು, ಕೆಲಸಗಾರರ ಏರಿಯಾ. ಅಪ್ಪನದು ತರಕಾರಿ ಅಂಗಡಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಆಯಕ್ಸ್ ಕ್ಲಬ್ಬಿನ ಡಿ ಮೇರ್ ಸ್ಟೇಡಿಯಂ. ಹತ್ತನೇ ವಯಸ್ಸಿಗೆ ಕ್ಲಬ್ಬಿನ ಹುಡುಗರ ತಂಡಕ್ಕೆ ಸೇರಿದ. ಹನ್ನೆರಡಕ್ಕೆ ಅಪ್ಪ ಹೃದಯಾಘಾತದಿಂದ ತೀರಿಕೊಂಡ. ಅಮ್ಮ ಅದೇ ಕ್ಲಬ್ಬಿನಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಮುಂದೆ ಅವಳು ಮದುವೆಯಾದ ಹೆಂಕ್ ಅನ್ನುವವನು ಅಲ್ಲೇ ಮೈದಾನ ನೋಡಿಕೊಳ್ಳುವವನು. ಅಂದರೆ ಮನೆ, ಶಾಲೆ, ಮೈದಾನ ಎಲ್ಲ ಒಂದೇ ಆಗಿ ಬೆಳೆದ ಹುಡುಗ.

1964ರ ನವೆಂಬರ್ 15ರಂದು, 17ನೇ ವಯಸ್ಸಿನಲ್ಲಿ ಮೊದಲ ಲೀಗ್ ಪಂದ್ಯ. ಆಯಕ್ಸ್ 3-1ರಿಂದ ಸೋತಿತು. ಆ ಒಂದು ಗೋಲು ಇವನದು. ಸ್ವಲ್ಪ ದಿನಕ್ಕೆ, 1965ರ ಜನವರಿಯಲ್ಲಿ, ರೀನಸ್ ಮಿಕೆಲ್ಸ್ ಕೋಚ್ ಆಗಿ ಬಂದ. ಮಹಾ ಶಿಸ್ತಿನ ಮನುಷ್ಯ. ಎಲ್ಲರೂ ಎಲ್ಲ ಜಾಗದಲ್ಲೂ ಆಡಬಲ್ಲ, ಒಬ್ಬ ಜಾಗ ಬಿಟ್ಟರೆ ಇನ್ನೊಬ್ಬ ತುಂಬುವ ಆಟವನ್ನು ಆ ತಂಡ ಬೆಳೆಸಿತು. ಅದನ್ನೇ ಲೋಕ ಆಮೇಲೆ ಟೋಟಲ್ ಫುಟ್‌ಬಾಲ್ ಅಂದದ್ದು. ಯೋಜನೆ ಮಿಕೆಲ್ಸ್‌ನದು, ಆದರೆ ಮೈದಾನದ ಒಳಗೆ ಅದನ್ನು ನಿಮಿಷ ನಿಮಿಷಕ್ಕೂ ನಡೆಸುತ್ತಿದ್ದವನು ಕ್ರೈಫ್. 1971, 1972, 1973, ಮೂರು ವರ್ಷ ಸತತವಾಗಿ ಯುರೋಪಿಯನ್ ಕಪ್ ಆಯಕ್ಸ್‌ಗೆ. 1972ರ ಫೈನಲ್‌ನಲ್ಲಿ ಇಂಟರ್ ಮಿಲಾನ್ ಮೇಲೆ ಎರಡೂ ಗೋಲು ಇವನದೇ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಕೂಡ ಮೂರು ಸಲ.

ಇಷ್ಟೆಲ್ಲ ಆದ ಮೇಲೆ ಆಯಕ್ಸ್ ಬಿಟ್ಟದ್ದು ಯಾಕೆ ಗೊತ್ತಾ? 1973ರಲ್ಲಿ ನಾಯಕ ಯಾರಾಗಬೇಕು ಅಂತ ಆಟಗಾರರು ಮತ ಹಾಕಿದರು. ಇವನಿಗೆ ಹಾಕಲಿಲ್ಲ, ಪೀಟ್ ಕೈಸರ್‌ಗೆ ಹಾಕಿದರು. ದಿನವಿಡೀ ಬೆರಳು ತೋರಿಸಿ ಮಾತಾಡುವವನ ಜೊತೆ ಬದುಕುವುದು ಎಷ್ಟು ಕಷ್ಟ ಅಂತ ನನಗೆ ಅರ್ಥವಾಗುತ್ತದೆ. ಅವನಿಗೆ ಮಾತ್ರ ಅರ್ಥವಾಗಲಿಲ್ಲ. ಬಾರ್ಸಿಲೋನಾಗೆ ಹೊರಟೇಬಿಟ್ಟ, ಆಗಿನ ವಿಶ್ವದಾಖಲೆ ಬೆಲೆಗೆ.

ಬಾರ್ಸಿಲೋನಾ 1960ರಿಂದ ಲೀಗ್ ಗೆದ್ದಿರಲಿಲ್ಲ. ಇವನು ಬಂದ ಸೀಸನ್ನಿನಲ್ಲೇ ಗೆದ್ದಿತು. 1974ರ ಫೆಬ್ರುವರಿ 17ರಂದು ಮ್ಯಾಡ್ರಿಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ 5-0. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಇನ್ನೂ ಬದುಕಿದ್ದ ಕಾಲ ಅದು, ಬಾರ್ಸಿಲೋನಾ ಭಾಗದ ಕ್ಯಾಟಲನ್ ಜನ ತಮ್ಮ ಮಕ್ಕಳಿಗೆ ತಮ್ಮ ಭಾಷೆಯ ಹೆಸರಿಡಲೂ ಆಗದ ಕಾಲ. ಆ ಪಂದ್ಯಕ್ಕೆ ಕೆಲವೇ ದಿನ ಮೊದಲು ಹುಟ್ಟಿದ ಮಗನಿಗೆ ಕ್ರೈಫ್ ಯೋರ್ಡಿ ಅಂತ ಪಕ್ಕಾ ಕ್ಯಾಟಲನ್ ಹೆಸರಿಟ್ಟ. ಆಮ್‌ಸ್ಟರ್‌ಡ್ಯಾಮ್‌ನಲ್ಲೇ ನೋಂದಣಿ ಮಾಡಿಸಿಕೊಂಡು ಬಂದಿದ್ದ. ಸ್ಪೇನಿನ ಅಧಿಕಾರಿಗಳು ಏನು ಮಾಡಲಾಗುತ್ತದೆ? ಆ ಊರು ಅವನನ್ನು ಕೊನೆಯವರೆಗೂ ತನ್ನವನು ಅಂದುಕೊಂಡದ್ದಕ್ಕೆ ಇದೂ ಒಂದು ಕಾರಣ.

1974ರ ವಿಶ್ವಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕಥೆ. ಸ್ವೀಡನ್ನಿನ ಯಾನ್ ಓಲ್ಸನ್‌ನನ್ನು ಒಂದು ತಿರುವಿನಲ್ಲಿ ದಾರಿ ತಪ್ಪಿಸಿದ್ದು, ಅದಕ್ಕೆ ಇವತ್ತಿಗೂ ಕ್ರೈಫ್ ಟರ್ನ್ ಅಂತಲೇ ಹೆಸರು. ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಒಬ್ಬ ಆಟಗಾರನ ಕಾಲಿಗೂ ಚೆಂಡು ತಾಗುವ ಮುಂಚೆ ಪೆನಾಲ್ಟಿ ಗಳಿಸಿಕೊಟ್ಟದ್ದು. ಆಮೇಲೆ 2-1ರಿಂದ ಸೋತದ್ದು. 1978ರ ವಿಶ್ವಕಪ್‌ಗೆ ಅವನು ಹೋಗಲೇ ಇಲ್ಲ. ಬಾರ್ಸಿಲೋನಾದ ಮನೆಯಲ್ಲಿ ಅಪಹರಣದ ಪ್ರಯತ್ನ ನಡೆದಿತ್ತು, ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುವ ಮನಸ್ಸಿರಲಿಲ್ಲ ಅಂತ ಬಾಯಿ ಬಿಟ್ಟದ್ದು 2008ರಲ್ಲಿ. ಮೂವತ್ತು ವರ್ಷ ಜನ ಏನೇನೋ ಊಹೆ ಮಾಡಿದ್ದರು.

ಅಷ್ಟರಲ್ಲಿ ಹಂದಿ ಸಾಕಣೆಯಲ್ಲಿ ಹಣ ಹಾಕಿ ಕೈ ಸುಟ್ಟುಕೊಂಡಿದ್ದ. ಆಟ ಬಿಟ್ಟವನು ದುಡ್ಡಿಗಾಗಿ ಅಮೆರಿಕಕ್ಕೆ ಹೋಗಿ ಮತ್ತೆ ಬೂಟು ಕಟ್ಟಿದ.

ಈಗ ನನ್ನ ಮಾತಿಗೆ ಸಾಕ್ಷಿಯಾಗುವ ಒಂದು ಮಧ್ಯಾಹ್ನಕ್ಕೆ ಬರುತ್ತೇನೆ. 1980ರ ನವೆಂಬರ್ 30. ಆಯಕ್ಸ್ ಮತ್ತು ಟ್ವೆಂಟೆ ಪಂದ್ಯ. ಕ್ರೈಫ್ ಆಗ ಆಯಕ್ಸ್‌ಗೆ ಸಲಹೆಗಾರ, ಕೋಚ್ ಅಲ್ಲ. ಮೇಲೆ ಪ್ರೇಕ್ಷಕರ ಮಧ್ಯೆ ಕೂತಿದ್ದಾನೆ. ಆಯಕ್ಸ್ 3-1ರಿಂದ ಹಿಂದೆ ಬಿದ್ದಿದೆ. ಕ್ಯಾಮೆರಾ ನೋಡನೋಡುತ್ತಿದ್ದಂತೆ ಈ ಮನುಷ್ಯ ಎದ್ದು, ಮೆಟ್ಟಿಲಿಳಿದು, ಬಂದು ಕೋಚ್ ಲಿಯೊ ಬೆನ್‌ಹಾಕರ್ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುತ್ತಾನೆ. ಯಾರೂ ಕರೆದಿಲ್ಲ. ಕೂತ ಕ್ಷಣದಿಂದ ಶುರು. ಕೈ ಆಡುತ್ತಿದೆ, ಬಾಯಿ ಆಡುತ್ತಿದೆ, ಹುಡುಗರನ್ನು ಅತ್ತ ಇತ್ತ ಸರಿಸುತ್ತಿದ್ದಾನೆ. ಪಾಪ ಬೆನ್‌ಹಾಕರ್ ಮುಖ ನೋಡಬೇಕು. ಆಯಕ್ಸ್ 5-3ರಿಂದ ಗೆದ್ದಿತು. ನಮ್ಮ ಕೆಲಸದ ಮಧ್ಯೆ ಯಾರಾದರೂ ಹೀಗೆ ಬಂದು ಕೂತಿದ್ದರೆ ನಾವು ಏನು ಮಾಡುತ್ತಿದ್ದೆವೋ! ಮರ್ಯಾದೆಯ ಪ್ರಶ್ನೆ ಪಕ್ಕಕ್ಕಿಡಿ. ಮೇಲಿನಿಂದ ನೋಡಿ ಎಲ್ಲಿ ತೊಂದರೆ ಅಂತ ಕಂಡುಹಿಡಿದು, ಆಡುತ್ತಿರುವವನಿಗೆ ತಿಳಿಯುವಂತೆ ಎರಡು ಮಾತಿನಲ್ಲಿ ಹೇಳುವುದಿದೆಯಲ್ಲ, ಅದು ಚಾರ್ಲ್ಟನ್‌ಗೂ ಮರಡೋನಾಗೂ ಬಾರದ ವಿದ್ಯೆ.

ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಅದೇ ಕ್ಲಬ್ಬಿಗೆ ಆಟಗಾರನಾಗಿ ವಾಪಸ್ ಬಂದ. ವಯಸ್ಸು 34. 1982ರ ಏಪ್ರಿಲ್‌ನಲ್ಲಿ ಒಂದು ಪಂದ್ಯದಲ್ಲಿ ಅವನನ್ನು ಹೊರಗೆ ಕರೆದು 17 ವರ್ಷದ ಹುಡುಗನೊಬ್ಬನನ್ನು ಇಳಿಸಿದರು. ಹುಡುಗನ ಹೆಸರು ಮಾರ್ಕೊ ವ್ಯಾನ್ ಬಾಸ್ಟನ್, ಇಳಿದವನೇ ಗೋಲು ಹೊಡೆದ.

ಅದೇ ವರ್ಷ ಡಿಸೆಂಬರ್ 5ರಂದು ಹೆಲ್ಮಂಡ್ ಸ್ಪೋರ್ಟ್ ವಿರುದ್ಧ ಒಂದು ಪೆನಾಲ್ಟಿ. ಕ್ರೈಫ್ ಚೆಂಡು ಇಟ್ಟ. ಗೋಲಿಗೆ ಒದೆಯುವ ಬದಲು ಎಡಕ್ಕೆ ಮೆಲ್ಲಗೆ ತಳ್ಳಿದ. ಹಿಂದಿನಿಂದ ತನ್ನದೇ ತಂಡದ ಯೆಸ್ಪರ್ ಓಲ್ಸನ್ ಓಡಿ ಬಂದ. ಗೋಲ್‌ಕೀಪರ್ ಗಾಬರಿಯಾಗಿ ಓಲ್ಸನ್ ಕಡೆ ನುಗ್ಗಿದ. ಓಲ್ಸನ್ ಚೆಂಡನ್ನು ವಾಪಸ್ ಕ್ರೈಫ್‌ಗೆ ಕೊಟ್ಟ, ಖಾಲಿ ಗೋಲಿಗೆ ಇವನು ಸುಮ್ನೆ ತಳ್ಳಿದ. ಜನ ಇದನ್ನು ತಮಾಷೆ ಅಂತ ನೆನಪಿಟ್ಟುಕೊಂಡಿದ್ದಾರೆ. ನಿಯಮ ಓದಿ ನೋಡಿ: ಪೆನಾಲ್ಟಿ ಒದೆತ ಮುಂದಕ್ಕೆ ಹೋಗಬೇಕು, ಒದೆಯುವವರೆಗೆ ಉಳಿದವರು ಪೆನಾಲ್ಟಿ ಜಾಗದ ಹೊರಗಿರಬೇಕು, ಒದ್ದವನು ಇನ್ನೊಬ್ಬರು ಮುಟ್ಟುವ ಮೊದಲು ಮತ್ತೆ ಮುಟ್ಟಬಾರದು. ಅಷ್ಟೇ. ಪಾಸ್ ಕೊಡಬಾರದು ಅಂತ ಎಲ್ಲೂ ಇಲ್ಲ. ಒಬ್ಬ ಕೀಪರ್ ಎದುರು ಇಬ್ಬರು ಬರಬಹುದಾದಾಗ ಒಬ್ಬನೇ ಯಾಕೆ ಬರಬೇಕು? ಈ ಲೆಕ್ಕ ನೆನಪಿಡಿ, ಮುಂದೆ ಬರುತ್ತದೆ.

1983ರಲ್ಲಿ ವಯಸ್ಸಾಯಿತು ಅಂತ ಆಯಕ್ಸ್ ಒಪ್ಪಂದ ಮುಂದುವರಿಸಲಿಲ್ಲ. ಸಿಟ್ಟು ಬಂತು. ನೇರವಾಗಿ ಬದ್ಧವೈರಿ ಫೆಯೆನೂರ್ಡ್‌ಗೆ ಹೋದ. ಆ ಸೀಸನ್ನಿನಲ್ಲಿ ಆಯಕ್ಸ್ ಒಮ್ಮೆ ಫೆಯೆನೂರ್ಡ್‌ಗೆ 8-2ರಿಂದ ಬಡಿದದ್ದೂ ಉಂಟು. ಕೊನೆಗೆ ಲೀಗ್, ಕಪ್ ಎರಡೂ ಫೆಯೆನೂರ್ಡ್‌ಗೆ. 37ನೇ ವಯಸ್ಸಿಗೆ ಲೆಕ್ಕ ಚುಕ್ತಾ ಮಾಡಿ ಆಟ ಬಿಟ್ಟ.

ಕೋಚ್ ಆದದ್ದು 1985ರಲ್ಲಿ, ಅದೇ ಆಯಕ್ಸ್‌ನಲ್ಲಿ. ಕೋಚ್ ಪರೀಕ್ಷೆಯ ಸರ್ಟಿಫಿಕೇಟ್ ಇರಲಿಲ್ಲ, ಹಾಗಾಗಿ ಕಾಗದದ ಮೇಲೆ ಟೆಕ್ನಿಕಲ್ ಡೈರೆಕ್ಟರ್. ಬಂದವನೇ ಮಾಡಿದ ಕೆಲಸಗಳಲ್ಲಿ ಒಂದು, ಆಟಗಾರರಿಗೆ ಉಸಿರಾಟ ಕಲಿಸಲು ಒಬ್ಬ ಒಪೆರಾ ಗಾಯಕನನ್ನು ಕರೆಸಿದ್ದು. ಆಗ ನಕ್ಕವರೆಷ್ಟೋ. 17 ವರ್ಷದ ಡೆನಿಸ್ ಬರ್ಗ್‌ಕ್ಯಾಂಪ್‌ನನ್ನು ಆಡಿಸಿದ. 1987ರಲ್ಲಿ ಕಪ್ ವಿನ್ನರ್ಸ್ ಕಪ್ (ಯುರೋಪಿನ ಬೇರೆ ಬೇರೆ ದೇಶಗಳ ಕಪ್ ಗೆದ್ದ ಕ್ಲಬ್ಬುಗಳ ಟೂರ್ನಿ) ಗೆದ್ದ. ಫೈನಲ್‌ನ ಒಂದೇ ಗೋಲು ವ್ಯಾನ್ ಬಾಸ್ಟನ್‌ನದು, ಹೌದು, ಇವನ ಬದಲಿಗೆ ಇಳಿದಿದ್ದ ಅದೇ ಹುಡುಗ. ಲೀಗ್ ಗೆಲ್ಲಲಿಲ್ಲ. ಆಡಳಿತದವರ ಜೊತೆ ಜಗಳವಾಗಿ 1988ರ ಜನವರಿಯಲ್ಲಿ ಹೊರಬಂದ. ಜಗಳ ಇಲ್ಲದೆ ಅವನು ಬಿಟ್ಟ ಕ್ಲಬ್ ಹುಡುಕುವುದು ಕಷ್ಟ.

ಅದೇ ವರ್ಷ ಬಾರ್ಸಿಲೋನಾ. ಆಗ ಆ ಕ್ಲಬ್ಬಿನ ಸ್ಥಿತಿ ನೋಡುವಂತಿರಲಿಲ್ಲ. ಏಪ್ರಿಲ್‌ನಲ್ಲಿ ಆಟಗಾರರೇ ಹೋಟೆಲಿನಲ್ಲಿ ಸುದ್ದಿಗೋಷ್ಠಿ ಕರೆದು ಅಧ್ಯಕ್ಷ ನುನ್ಯೆಸ್ ರಾಜೀನಾಮೆ ಕೊಡಬೇಕು ಅಂದಿದ್ದರು. ಕ್ರೈಫ್ ಬಂದ ಬೇಸಿಗೆಯಲ್ಲಿ ಹಳಬರಲ್ಲಿ ತುಂಬಾ ಜನ ಹೊರಗೆ, ಬಕೆರೊ, ಬೆಗಿರಿಸ್ಟೈನ್, ಸಲಿನಾಸ್, ಎವುಸೆಬಿಯೊ ಒಳಗೆ.

ಬೋರ್ಡಿನ ಮೇಲೆ ಅವನು ಬರೆದದ್ದು ಮೂರು ಡಿಫೆಂಡರ್, ನಾಲ್ಕು ಮಿಡ್‌ಫೀಲ್ಡರ್, ಮೂರು ಫಾರ್ವರ್ಡ್. ಆ ಕಾಲಕ್ಕೆ ಅದು ಹುಚ್ಚು. ಅವನ ಲೆಕ್ಕ ಹೀಗೆ: ಎದುರಾಳಿ ಇಬ್ಬರು ಫಾರ್ವರ್ಡ್ ಇಟ್ಟುಕೊಂಡರೆ ಅವರನ್ನು ಕಾಯಲು ನಾಲ್ಕು ಜನ ಯಾಕೆ? ಮೂವರು ಸಾಕು. ಉಳಿದ ಒಬ್ಬನನ್ನು ಮಧ್ಯಕ್ಕೆ ಕಳಿಸಿ, ಅಲ್ಲಿ ನಮ್ಮವರು ಒಬ್ಬ ಜಾಸ್ತಿ ಆಗುತ್ತಾನೆ. ಪೆನಾಲ್ಟಿಯ ಲೆಕ್ಕ ನೆನಪಿದೆಯಾ? ಅದೇ ಇದು. ಎಲ್ಲಿ ನೋಡಿದರೂ ನಮ್ಮವನು ಒಬ್ಬ ಜಾಸ್ತಿ ಇರಬೇಕು.

ಇನ್ನು ಅಭ್ಯಾಸ. ನೀವೆಲ್ಲ ಮಕ್ಕಳಿಗೆ ಕಲಿಸುವವರು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರೊಂಡೋ. ಬಾರ್ಸಿಲೋನಾಗೆ ಅದನ್ನು ಎಪ್ಪತ್ತರ ದಶಕದಲ್ಲೇ ತಂದವನು ಲೌರಿಯಾನೊ ರೂಯಿಸ್, ಕ್ರೈಫ್ ಅದನ್ನು ಇಡೀ ಕ್ಲಬ್ಬಿನ ದಿನಚರಿ ಮಾಡಿದ. ಆರೇಳು ಜನ ಸುತ್ತ ನಿಲ್ಲುತ್ತಾರೆ, ನಡುವೆ ಇಬ್ಬರು. ಸುತ್ತ ಇರುವವರು ಒಂದೇ ಮುಟ್ಟಿನಲ್ಲಿ ಚೆಂಡು ಸಾಗಿಸಬೇಕು, ಕಳೆದುಕೊಂಡವನು ನಡುವೆ ಹೋಗಬೇಕು. ನೋಡಲು ಮಕ್ಕಳಾಟ. ಈಗ ಸುತ್ತ ನಿಂತ ಒಬ್ಬನ ಕಣ್ಣಿನಿಂದ ನೋಡಿ. ಚೆಂಡು ನನ್ನ ಹತ್ತಿರ ಬರುವ ಮೊದಲೇ ಯಾರಿಗೆ ಕೊಡಬೇಕು ಅಂತ ಗೊತ್ತಿರಬೇಕು. ಅದಕ್ಕೆ ತಲೆ ಎತ್ತಿರಬೇಕು. ಚೆಂಡು ಬರುವ ಕಡೆಗೆ ನೇರ ಎದೆ ಕೊಟ್ಟು ನಿಂತರೆ ಅರ್ಧ ಸುತ್ತು ಮಾತ್ರ ಕಾಣುತ್ತದೆ, ಸ್ವಲ್ಪ ಓರೆಯಾಗಿ ನಿಂತರೆ ಎರಡೂ ಕಡೆ ಕಾಣುತ್ತದೆ. ಪಾಸ್ ಕೊಡುವಾಗ ಗೆಳೆಯನ ಯಾವ ಕಾಲಿಗೆ ಕೊಡಬೇಕು ಅನ್ನುವುದೂ ಮುಖ್ಯ. ತಪ್ಪು ಕಾಲಿಗೆ ಕೊಟ್ಟರೆ ಅವನು ಸಿಕ್ಕಿಹಾಕಿಕೊಳ್ಳುತ್ತಾನೆ, ತಪ್ಪು ನಿಮ್ಮದು, ನಡುವೆ ಹೋಗುವವನು ಅವನು. ನಡುವಿನ ಇಬ್ಬರೂ ಸುಮ್ಮನೆ ಓಡಿದರೆ ಆಗುವುದಿಲ್ಲ, ಒಬ್ಬ ನುಗ್ಗಿದಾಗ ಇನ್ನೊಬ್ಬ ದಾರಿ ಮುಚ್ಚಬೇಕು. ಗೋಲಿಗೆ ಒದೆಯುವುದೊಂದು ಬಿಟ್ಟು ಪಂದ್ಯದಲ್ಲಿ ಇರುವುದೆಲ್ಲ ಆ ಸಣ್ಣ ಸುತ್ತಿನಲ್ಲಿದೆ.

ಇಲ್ಲೇ ಅವನು ಉಳಿದ ದೊಡ್ಡ ಆಟಗಾರರಿಗಿಂತ ಬೇರೆಯಾಗುವುದು. ನನ್ನ ಹಾಗೆ ಆಡು ಅಂತ ಅವನು ಯಾರಿಗೂ ಹೇಳಲಿಲ್ಲ. ಅವನು ಕಂಡದ್ದನ್ನು ಹುಡುಗರು ತಾವೇ ಕಾಣುವಂಥ ಆಟ ಕಟ್ಟಿಕೊಟ್ಟ.

ಸಾಂಟ್‌ಪೆಡೋರ್ ಅನ್ನುವ ಊರಿಂದ 13ನೇ ವಯಸ್ಸಿಗೆ ಕ್ಲಬ್ಬಿನ ಹಾಸ್ಟೆಲ್ಲಾದ ಲಾ ಮಾಸಿಯಾಗೆ ಬಂದಿದ್ದ ಒಬ್ಬ ಸಣಕಲು ಹುಡುಗ. ಓಟ ಇಲ್ಲ, ಮೈಕಟ್ಟು ಇಲ್ಲ, ಗುದ್ದಾಟಕ್ಕೆ ಆಗುವವನಲ್ಲ. ನಮ್ಮ ಆಯ್ಕೆ ಶಿಬಿರಗಳಿಗೆ ಬಂದಿದ್ದರೆ ಮೊದಲ ದಿನವೇ ವಾಪಸ್. ಅವನಿಗೆ ಇದ್ದದ್ದು ಒಂದೇ, ಚೆಂಡು ಬರುವ ಮೊದಲೇ ಮುಂದಿನ ಪಾಸ್ ಗೊತ್ತಿರುತ್ತಿತ್ತು. ಕ್ರೈಫ್ ಅವನನ್ನು ಡಿಫೆನ್ಸ್ ಮುಂದೆ, ತಂಡದ ನಟ್ಟನಡುವೆ ನಿಲ್ಲಿಸಿದ. ಮೊದಲಮೊದಲು ನಮ್ಮಜ್ಜಿಗಿಂತ ನಿಧಾನ ನೀನು ಅಂತ ಬೈಸಿಕೊಂಡಿದ್ದನ್ನು ಹುಡುಗ ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. 1990ರ ಡಿಸೆಂಬರ್‌ನಲ್ಲಿ ಮೊದಲ ಲೀಗ್ ಪಂದ್ಯ. ಪೆಪ್ ಗಾರ್ಡಿಯೊಲಾ.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಮೊದಲ ಎರಡು ಸೀಸನ್ ಲೀಗ್ ರಿಯಲ್ ಮ್ಯಾಡ್ರಿಡ್‌ಗೆ. 1990ರಲ್ಲಿ ಕೆಲಸ ಹೋಗುವ ಹಾಗಿತ್ತು, ಸ್ಪೇನಿನ ಕಪ್ ಫೈನಲ್‌ನಲ್ಲಿ ಅದೇ ಮ್ಯಾಡ್ರಿಡ್ ಮೇಲೆ 2-0ರಿಂದ ಗೆದ್ದು ಉಳಿದುಕೊಂಡ. ಮುಂದಿನ ಫೆಬ್ರುವರಿಯಲ್ಲಿ ಹೃದಯದ ಬೈಪಾಸ್. ಆಡುವ ಕಾಲದಿಂದಲೂ ಸಿಗರೇಟು ಬಿಟ್ಟವನಲ್ಲ. ಆವತ್ತಿನಿಂದ ಬಿಟ್ಟ, ಬೆಂಚಿನ ಮೇಲೆ ಕೂತು ಮಕ್ಕಳು ತಿನ್ನುವ ಲಾಲಿಪಾಪ್ ಚೀಪತೊಡಗಿದ. ಕ್ಯಾಟಲೋನಿಯಾ ಸರ್ಕಾರದ ಧೂಮಪಾನ ವಿರೋಧಿ ಜಾಹೀರಾತಿನಲ್ಲಿ, ಕೋಟು ಹಾಕಿಕೊಂಡು, ಸಿಗರೇಟ್ ಪ್ಯಾಕನ್ನು ಚೆಂಡಿನಂತೆ ಕಾಲಲ್ಲಿ ಆಡಿಸಿ ದೂರ ಒದೆಯುತ್ತಾನೆ. ಸಿಕ್ಕರೆ ನೋಡಿ.

1991ರಿಂದ 1994ರವರೆಗೆ ನಾಲ್ಕು ಲೀಗ್ ಸತತವಾಗಿ. ಅದರಲ್ಲಿ ಕೊನೆಯ ಮೂರು ಕೊನೆಯ ದಿನ ಗೆದ್ದದ್ದು. ಎರಡು ಸಲ ಅಲ್ಲಿಯವರೆಗೆ ಮುಂದಿದ್ದ ಮ್ಯಾಡ್ರಿಡ್ ತೆನೆರಿಫ್ ದ್ವೀಪಕ್ಕೆ ಹೋಗಿ ಸೋತಿತು, ಮೂರನೇ ಸಲ ಮುಂದಿದ್ದ ಡಿಪೋರ್ಟಿವೊ ತಂಡದ ಜುಕಿಚ್ ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಕೈಚೆಲ್ಲಿದ. ಅದೃಷ್ಟ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. 1992ರ ಮೇ 20ರಂದು ವೆಂಬ್ಲಿಯಲ್ಲಿ, ಸಂಪ್ಡೋರಿಯಾ ವಿರುದ್ಧ, ಹೆಚ್ಚುವರಿ ಸಮಯದಲ್ಲಿ ಕೂಮನ್ ಒದ್ದ ಫ್ರೀಕಿಕ್. ಕ್ಲಬ್ಬಿನ ಮೊಟ್ಟಮೊದಲ ಯುರೋಪಿಯನ್ ಕಪ್. ಪಂದ್ಯಕ್ಕೆ ಮುಂಚೆ ಅವನು ಹುಡುಗರಿಗೆ ಹೇಳಿದ್ದು ಇಷ್ಟೇ: ಹೋಗಿ, ಖುಷಿಪಡಿ.

ಎರಡು ವರ್ಷಕ್ಕೆ ಅಥೆನ್ಸ್‌ನಲ್ಲಿ ಬಿದ್ದ. ಮಿಲಾನ್ ವಿರುದ್ಧ ಫೈನಲ್. ಮಿಲಾನ್‌ನ ಮುಖ್ಯ ಡಿಫೆಂಡರ್‌ಗಳಾದ ಬರೇಸಿ, ಕೊಸ್ಟಕುರ್ಟಾ ಇಬ್ಬರೂ ಇಲ್ಲ. ಕ್ರೈಫ್ ಗೆದ್ದೇಬಿಟ್ಟೆವು ಅನ್ನುವಂತೆ ಮಾತಾಡಿದ್ದ. 4-0. ಮೂರೇ ವಿದೇಶಿಯರು ಆಡಬಹುದು ಅನ್ನುವ ನಿಯಮದಲ್ಲಿ ಮೈಕೆಲ್ ಲೌಡ್ರಪ್‌ನನ್ನೇ ಹೊರಗಿಟ್ಟಿದ್ದ. ಲೌಡ್ರಪ್ ಮ್ಯಾಡ್ರಿಡ್‌ಗೆ ಹೋದ, ಮುಂದಿನ ಜನವರಿಯಲ್ಲಿ ಮ್ಯಾಡ್ರಿಡ್ ಬಾರ್ಸಿಲೋನಾಗೆ ಐದು ಗೋಲು ಹೊಡೆಯಿತು. ಇದನ್ನು ನಾನು ದುರದೃಷ್ಟ ಅನ್ನುವುದಿಲ್ಲ, ಸೊಕ್ಕು ಅನ್ನುತ್ತೇನೆ. 1996ರ ಮೇ 18ರಂದು ಅವನನ್ನು ತೆಗೆದುಹಾಕಿದರು. ಎಂಟು ವರ್ಷ, 11 ಟ್ರೋಫಿ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬರು, ಆಮೇಲೆ ಯಾಕೆ ಯಾವ ಕ್ಲಬ್ಬಿಗೂ ಕೋಚ್ ಆಗಲಿಲ್ಲ ಸಾರ್ ಅಂದರು. ಹೃದಯ ಒಂದು ಕಾರಣ ಇರಬಹುದು. ಕ್ಯಾಟಲೋನಿಯಾ ತಂಡಕ್ಕೆ 2009ರಿಂದ 2013ರವರೆಗೆ ಕೋಚ್ ಆಗಿದ್ದ, ಅದು ವರ್ಷಕ್ಕೊಂದು ಸೌಹಾರ್ದ ಪಂದ್ಯದ ಲೆಕ್ಕ. ಉಳಿದಂತೆ ಪತ್ರಿಕೆಗೆ ಅಂಕಣ ಬರೆದ, ಟಿವಿಯಲ್ಲಿ ಮಾತಾಡಿದ, ಯಾರು ಕೇಳಿದರೂ ಕೇಳದಿದ್ದರೂ ಸಲಹೆ ಕೊಟ್ಟ. 2016ರ ಮಾರ್ಚ್ 24ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಾರ್ಸಿಲೋನಾದಲ್ಲೇ ತೀರಿಕೊಂಡ, 68 ವರ್ಷ.

ಇನ್ನೊಬ್ಬರು ಕೇಳಿದ್ದು, ಇದೆಲ್ಲ ಯುರೋಪಿನ ಮಾತಾಯಿತು, ನಮಗೇನು ಬಂತು ಅಂತ. ಬಂದಿದೆ. ಆಯಕ್ಸ್‌ನಲ್ಲಿ ಅವನ ಕೈಕೆಳಗೆ ಫ್ರಾಂಕ್ ರೈಕಾರ್ಡ್ ಆಡುತ್ತಿದ್ದ. 1987ರಲ್ಲಿ ಇವನ ಗೊಣಗಾಟ ಕೇಳಿ ಕೇಳಿ ಸಾಕಾಗಿ, ಅಭ್ಯಾಸದ ನಡುವೆ ಎದ್ದು ಹೋದವನು ಮತ್ತೆ ಇವನ ಕೈಕೆಳಗೆ ಆಡಲಿಲ್ಲ. 2003ರಲ್ಲಿ ಬಾರ್ಸಿಲೋನಾ ಕೋಚ್ ಹುಡುಕುತ್ತಿದ್ದಾಗ ಕ್ರೈಫ್ ಸೂಚಿಸಿದ್ದು ಅದೇ ರೈಕಾರ್ಡ್ ಹೆಸರನ್ನು. ರೈಕಾರ್ಡ್ ಜೊತೆ ಬಾರ್ಸಿಲೋನಾದಲ್ಲಿ ಫಿಟ್‌ನೆಸ್ ಕೋಚ್ ಆಗಿದ್ದವರು ಆಲ್ಬರ್ಟ್ ರೋಕಾ. ಅವರು 2016ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. ಆ ಅಕ್ಟೋಬರ್‌ನಲ್ಲಿ ಕಂಠೀರವ ಸ್ಟೇಡಿಯಂನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಬೆಂಗಳೂರು ತಂಡ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅನ್ನಿಸಿಕೊಂಡಿತು. ರೋಕಾ ಹೋದ ಮೇಲೆ ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆದರು. ಅವರೂ ಬಾರ್ಸಿಲೋನಾದ ಎಳೆಯರ ತಂಡಗಳಲ್ಲಿ ಬೆಳೆದವರೇ. 2019ರ ಮಾರ್ಚ್‌ನಲ್ಲಿ ಗೋವಾ ವಿರುದ್ಧದ ಐಎಸ್‌ಎಲ್ ಫೈನಲ್, 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು, ಟ್ರೋಫಿ ಬೆಂಗಳೂರಿಗೆ. ಪ್ರಶ್ನೆ ಕೇಳಿದವರು ಆ ಪಂದ್ಯ ಟಿವಿಯಲ್ಲಿ ನೋಡಿದ್ದರಂತೆ. ಆಮೇಲೆ ಅರ್ಧ ಗಂಟೆ ನಾವೆಲ್ಲ ಕ್ರೈಫ್ ಬಿಟ್ಟು ಆ ಬೆಂಗಳೂರು ತಂಡದ ನಾಯಕ ಸುನಿಲ್ ಛೆಟ್ರಿ ಬಗ್ಗೆಯೇ ಮಾತಾಡಿದೆವು.